ಅಪ್ಪನ ಮೌನಕ್ಕೆ ಕೋಪವೆಂದು ಹೆಸರಿಡಬೇಡ

ಮಯೂರ್ ವಿಹಾರ್ ಫೇಸ್ 1, ದೆಹಲಿ
ನವೆಂಬರ್

ಪ್ರೀತಿಯ ಪುಟ್ಟೂ,

ಸ್ಕ್ಯಾನ್‌ನಲ್ಲಿ ಏನು ಬಂತು ಅಂತ ಕೇಳಿದ್ದೆಯಲ್ಲ. ರಿಪೋರ್ಟಿನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಹಾಕಿ ಸುಮ್ಮನಾಗಬಹುದಿತ್ತು. ಆದರೆ ಆ ಪುಟ ಓದಿದರೆ ಅಪ್ಪನ ಬಲಗೈ ಯಾಕೆ ನಡುಗುತ್ತದೆ ಎಂಬುದಷ್ಟೇ ತಿಳಿಯುತ್ತದೆ. ನೀನು ಒಳಗೊಳಗೇ ಇಟ್ಟುಕೊಂಡು ಕೊರಗುತ್ತಿರುವುದು ಬೇರೆ ಪ್ರಶ್ನೆ. ಗೃಹಪ್ರವೇಶದ ದಿನ ಅಪ್ಪ ಯಾಕೆ ಕಲ್ಲಿನ ಹಾಗೆ ಕೂತಿದ್ದರು? ಮನೆ ಹೇಗಿದೆ ಅಂತ ಒಂದು ಮಾತೂ ಯಾಕೆ ಆಡಲಿಲ್ಲ? ಮೊಮ್ಮಗ ಓಡಿ ಬಂದು ತೊಡೆ ಏರಿದರೂ ಮುಖದಲ್ಲಿ ಒಂದು ಗೆರೆಯೂ ಯಾಕೆ ಅಲುಗಲಿಲ್ಲ? ತೋಟದ ಪಾಲು ಮಾರಿದ್ದಕ್ಕೆ ಸಿಟ್ಟು ಅಂತ ನೀನು ತೀರ್ಮಾನ ಮಾಡಿಬಿಟ್ಟಿದ್ದೀಯ. ಅಮ್ಮ ಹೇಳಿದಳು. ಅದಕ್ಕೇ ಈ ಉದ್ದ ಕಾಗದ. ಬಿಡುವು ಮಾಡಿಕೊಂಡು, ಒಬ್ಬನೇ ಕೂತು ಓದು.

ಮೊದಲು ಸ್ಕ್ಯಾನ್ ಯಾಕೆ ಬೇಕಾಯಿತು ಅಂತ ಹೇಳುತ್ತೇನೆ. ಪಾರ್ಕಿನ್ಸನ್ ಕಾಯಿಲೆ ಕಂಡುಹಿಡಿಯಲು ಎಲ್ಲರಿಗೂ ಸ್ಕ್ಯಾನ್ ಬೇಕಿಲ್ಲ. ಕೈಪಳಗಿದ ನ್ಯೂರಾಲಜಿಸ್ಟ್ ನಡಿಗೆ ನೋಡಿ, ಮಣಿಕಟ್ಟು ತಿರುಗಿಸಿ, ಬೆರಳು ತಟ್ಟಿಸಿ, ಮಾತ್ರೆ ಕೊಟ್ಟು ಗುಣ ಕಂಡಿತೇ ಎಂದು ಕಾದು ಹೇಳುತ್ತಾರೆ. ಇಲ್ಲಿ ನೋಯ್ಡಾದಿಂದ ಗುರುಗ್ರಾಮದವರೆಗೆ ಎಲ್ಲಿ ನೋಡಿದರೂ ಸ್ಕ್ಯಾನ್ ಸೆಂಟರುಗಳು. ದೊಡ್ಡ ದೊಡ್ಡ ಲಕೋಟೆಗಳನ್ನು ಕಂಕುಳಲ್ಲಿ ಹಿಡಿದು ಜನ ಅಲೆಯುತ್ತಾರೆ. ಅದರಲ್ಲಿ ಎಷ್ಟೋ ಅನವಶ್ಯಕ ಅಂತಲೇ ನನ್ನ ಭಾವನೆ. ಅಪ್ಪನ ವಿಷಯದಲ್ಲಿ ಮಾತ್ರ ನಿಜವಾದ ಗೊಂದಲವಿತ್ತು. ಹಾಸಿಗೆಯಿಂದ ಏಳುವಾಗ ತಲೆ ಸುತ್ತುತ್ತದೆ ಅಂತ ಇಲ್ಲಿನ ಡಾಕ್ಟರೊಬ್ಬರು ಯಾವ ಕಾಲದಲ್ಲೋ ಸಿನ್ನರಿಜಿನ್ ಮಾತ್ರೆ ಬರೆದುಕೊಟ್ಟಿದ್ದರು. ಅಪ್ಪ ಅದನ್ನು ವರ್ಷಗಟ್ಟಲೆ ನುಂಗಿದರು, ಯಾರೂ ನಿಲ್ಲಿಸು ಅನ್ನಲಿಲ್ಲ. ಆ ಮಾತ್ರೆ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕೆಲಸ ಮಾಡುವ ಜಾಗಕ್ಕೇ ಅಡ್ಡ ಕೂರುತ್ತದೆ. ವಯಸ್ಸಾದವರಿಗೆ ಬಹಳ ದಿನ ಕೊಟ್ಟರೆ ಥೇಟ್ ಪಾರ್ಕಿನ್ಸನ್ನಿನಂಥದೇ ನಡುಕ, ಬಿಗಿತ ಬರಬಹುದು. ನ್ಯೂರಾಲಜಿಸ್ಟ್ ಮಾತ್ರೆ ನಿಲ್ಲಿಸಿ ತಿಂಗಳುಗಟ್ಟಲೆ ಕಾದರು. ನಡುಕ ಇಳಿಯಲಿಲ್ಲ. ಇದು ಮಾತ್ರೆ ತಂದದ್ದೋ, ಒಳಗೇ ಹುಟ್ಟಿದ್ದೋ ಎಂದು ಬೇರ್ಪಡಿಸಲು ಸ್ಕ್ಯಾನ್ ಬರೆದರು. ಮಾತ್ರೆಯಿಂದಲೇ ಬಂದ ನಡುಕವಾದರೆ ಚಿತ್ರ ಸಾಮಾನ್ಯವಾಗಿರುತ್ತದೆ. ಸ್ಕ್ಯಾನ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಂಥ ಕಡೆ.

ಅದಕ್ಕೂ ಮೊದಲು ಎಂಆರ್‌ಐ ಆಗಿತ್ತು. 'ವಯಸ್ಸಿಗೆ ತಕ್ಕಂತೆ ಇದೆ' ಅಂತ ಬಂದದ್ದನ್ನು ಕೇಳಿ ನೀನು ಫೋನಿನಲ್ಲಿ ಸಮಾಧಾನಪಟ್ಟೆ, ನೆನಪಿದೆಯಾ? ಮಾಮೂಲಿ ಎಂಆರ್‌ಐ ಮಿದುಳಿನ ಆಕಾರ ತೋರಿಸುತ್ತದೆ. ಪಾರ್ಕಿನ್ಸನ್ನಿನಲ್ಲಿ ಆಕಾರ ಬಹುಕಾಲ ಕೆಡುವುದಿಲ್ಲ. ಪಾರ್ಶ್ವವಾಯುವಿನ ಗುರುತು, ಗೆಡ್ಡೆ, ಮಿದುಳಿನೊಳಗೆ ನೀರು ತುಂಬುವುದು ಇಂಥವು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅದು ಬೇಕು. ಕಾಯಿಲೆ ಇಲ್ಲ ಎನ್ನುವುದಕ್ಕೆ ಅದು ಸಾಕ್ಷಿಯಲ್ಲ.

ಎರಡನೆಯ ಸ್ಕ್ಯಾನಿನ ಹೆಸರು ಟ್ರೋಡಾಟ್. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ರಾಸಾಯನಿಕ ಅದು. ಡೋಪಮೈನ್ ಕೋಶಗಳು ಸುರಿಸಿದ್ದನ್ನು ಮತ್ತೆ ಒಳಗೆ ಎಳೆದುಕೊಳ್ಳುವ ಬಾಯಿಗಳಿಗೆ ಹೋಗಿ ಅಂಟುತ್ತದೆ. ಅದಕ್ಕೆ ಟೆಕ್ನೀಷಿಯಮ್ ಎಂಬ ವಿಕಿರಣ ಧಾತುವನ್ನು ಕಟ್ಟಿರುತ್ತಾರೆ. ಪಶ್ಚಿಮ ದೇಶಗಳಲ್ಲಿ ಇದೇ ಕೆಲಸಕ್ಕೆ ಅಯೋಡಿನ್ 123 ಬಳಸುತ್ತಾರೆ. ಅದನ್ನು ತಯಾರಿಸಲು ಸೈಕ್ಲೋಟ್ರಾನ್ ಯಂತ್ರ ಬೇಕು, ಖರ್ಚು ಜಾಸ್ತಿ. ಟೆಕ್ನೀಷಿಯಮ್ ಆದರೆ ಆಸ್ಪತ್ರೆಗೆ ಬಂದಿಳಿಯುವ ಜನರೇಟರಿನಿಂದ ಬೆಳಗ್ಗೆ ಬೆಳಗ್ಗೆ ತೆಗೆದುಕೊಳ್ಳಬಹುದು, 6 ಗಂಟೆಗೆ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ನಮ್ಮಂಥ ದೇಶದಲ್ಲಿ ಟ್ರೋಡಾಟ್ ಬಳಕೆಗೆ ಬಂದದ್ದು ಹೀಗೆ.

ಬೆಳಗ್ಗೆ ಇಂಜೆಕ್ಷನ್ ಕೊಟ್ಟು, ಮದ್ದು ಮಿದುಳಿನಲ್ಲಿ ನೆಲೆಯಾಗಲಿ ಎಂದು ನಾಲ್ಕು ಗಂಟೆ ಕೂರಿಸಿದರು. ರೋಹ್ಟಕ್, ಮೀರತ್, ಅಲಿಗಢಗಳಿಂದ ರಾತ್ರಿಯೇ ಹೊರಟು ಬಂದವರು ಸುತ್ತ ಕೂತಿದ್ದರು. ಪಕ್ಕದ ಹೆಂಗಸು ಗಂಡನನ್ನು ತೋರಿಸಿ 'ಬಿಲ್ಕುಲ್ ಗುಮ್‌ಸುಮ್ ಹೋ ಗಯೇ ಹೈಂ' ಅಂದಳು. ಕೈ ನಡುಗುವುದರ ಬಗ್ಗೆ ಅವಳು ಏನೂ ಹೇಳಲಿಲ್ಲ. ಅವಳ ದುಃಖವೆಲ್ಲ ಇದ್ದದ್ದು ಆ ಮಾತಿಲ್ಲದ ಮನುಷ್ಯನ ಬಗ್ಗೆ. ನನಗೆ ನೀನು ನೆನಪಾದೆ.

ಚಿತ್ರ ಹೀಗಿದೆ. ಆರೋಗ್ಯವಂತರ ಮಿದುಳಿನ ನಡುಭಾಗದಲ್ಲಿ ಎರಡೂ ಕಡೆ ಹೊಳೆಯುವ ಅಲ್ಪವಿರಾಮದಂಥ ಆಕಾರಗಳು ಕಾಣುತ್ತವೆ. ಪಾರ್ಕಿನ್ಸನ್ನಿನಲ್ಲಿ ಮೊದಲು ಬಾಲ ಮಾಸುತ್ತದೆ, ಉಳಿಯುವುದು ಪೂರ್ಣವಿರಾಮದಂಥ ಚುಕ್ಕೆ. ಡಾಕ್ಟರುಗಳೇ ಹೀಗೆ ವರ್ಣಿಸುವುದು. ಅಪ್ಪನ ಎಡಭಾಗದ ಬಾಲ ಬಹುತೇಕ ಅಳಿಸಿಹೋಗಿದೆ, ಬಲಭಾಗದ್ದು ಅರ್ಧ ಉಳಿದಿದೆ. ಮಿದುಳಿನ ಎಡಭಾಗ ದೇಹದ ಬಲಭಾಗವನ್ನು ನಡೆಸುವುದರಿಂದ ಬಲಗೈಯಲ್ಲಿ ನಡುಕ ಹೆಚ್ಚು. ಚಿತ್ರದಲ್ಲಿ ಹೊಳೆಯುವ ಈ ನರತುದಿಗಳನ್ನು ಹೊರಡಿಸುವ ಕೋಶಗಳಿರುವುದು ಇನ್ನೂ ಕೆಳಗೆ, ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಪಟ್ಟಿಯಲ್ಲಿ. ಕೈ ನಡುಗುವ ಹೊತ್ತಿಗೆ ಆ ತುದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತವೆ. ಅಂದರೆ ನಾವು ಕಾಯಿಲೆ 'ಶುರುವಾಯಿತು' ಅಂದುಕೊಂಡ ದಿನ ಅದರ ಮೊದಲ ದಿನವಾಗಿರಲಿಲ್ಲ.

ಇಷ್ಟು ಸ್ಕ್ಯಾನ್ ಹೇಳಿದ್ದು. ಮಾತ್ರೆಯ ಅನುಮಾನ ತೀರಿತು, ಇದು ಪಾರ್ಕಿನ್ಸನ್ ಕುಟುಂಬದ್ದೇ. ಆದರೆ ಅದೇ ಕುಟುಂಬದ ಬೇರೆ, ಇನ್ನೂ ಕಠಿಣ ಕಾಯಿಲೆಗಳಲ್ಲೂ ಚಿತ್ರ ಹೀಗೇ ಬರುತ್ತದಂತೆ. ಅವನ್ನು ವಿಂಗಡಿಸಲು ಮತ್ತೆ ಡಾಕ್ಟರ ಕಣ್ಣೇ ಬೇಕು, ಕಾಲವೂ ಬೇಕು. ಅಪ್ಪ ಹೇಗೆ ಮಲಗುತ್ತಾರೆ, ಏನು ಕನಸು ಕಾಣುತ್ತಾರೆ, ಯಾಕೆ ಮಾತಾಡುವುದಿಲ್ಲ, ಇವು ಯಾವುವೂ ಆ ಕಾಗದದಲ್ಲಿಲ್ಲ.

ನಮ್ಮ ನ್ಯೂರಾಲಜಿಸ್ಟ್ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇಲ್ಲಿ. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟು, ಅಮ್ಮನ ಕಡೆ ತಿರುಗಿ ಕೂತರು. ಅವರ ಕೈಯಲ್ಲಿ 30 ಪ್ರಶ್ನೆಗಳ ಒಂದು ಹಾಳೆ ಇತ್ತು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಕೆ. ರೇ ಚೌಧುರಿ ಮತ್ತು ಸಂಗಡಿಗರು 2006ರಲ್ಲಿ ಹೊರತಂದದ್ದು. ನಡುಕದ ಬಗ್ಗೆ, ನಡಿಗೆಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಜೊಲ್ಲು, ವಾಸನೆ, ಮಲಬದ್ಧತೆ, ರಾತ್ರಿ ಎದ್ದು ಮೂತ್ರಕ್ಕೆ ಓಡುವುದು, ಕಾರಣವಿಲ್ಲದ ನೋವು, ತಲೆಸುತ್ತು, ನಿದ್ದೆಯಲ್ಲಿ ಕೂಗುವುದು, ಆಸಕ್ತಿ ಹೋಗುವುದು, ಇಲ್ಲದ್ದು ಕಾಣುವುದು, ಹೀಗೆ. ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರ. ಅಮ್ಮ ಪ್ರತಿಯೊಂದಕ್ಕೂ ಒಂದೊಂದು ಕಥೆ ಹೇಳಿದಳು. ಡಾಕ್ಟರು ಎಲ್ಲೂ ತಡೆಯಲಿಲ್ಲ.

ವಾಸನೆಯದನ್ನೇ ತಗೋ. ಖಾರಿ ಬಾವೋಲಿಗೆ ಅಪ್ಪನ ಜೊತೆ ಸಾಂಬಾರ ಸಾಮಾನಿಗೆ ಹೋಗುತ್ತಿದ್ದೆವಲ್ಲ, ಅಂಗಡಿಯವ ಡಬ್ಬಿ ತೆಗೆದರೆ ಸಾಕು, ದೂರದಿಂದಲೇ ಇದು ಹಾಥರಸ್ ಇಂಗು, ಇದು ಕಲಬೆರಕೆ ಅಂತ ಹೇಳಿಬಿಡುತ್ತಿದ್ದರು. ನಡುಕಕ್ಕೂ ಎಷ್ಟೋ ವರ್ಷ ಮೊದಲೇ ಆ ಮೂಗು ಹೋಗಿತ್ತು. ಅಮ್ಮ ಒಗ್ಗರಣೆಗೆ ಇಂಗು ಹಾಕಿಲ್ಲ ಅಂತ ಅಪ್ಪ ಗೊಣಗುವುದು, ಹಾಕಿದ್ದೇನೆ ಅಂತ ಅವಳು ಸಿಟ್ಟಾಗುವುದು, ಅದು ಅವರಿಬ್ಬರ ನಡುವಿನ ಮಾಮೂಲಿ ಜಗಳ ಅಂತ ನಾವು ಬಿಟ್ಟೆವು. ಒಣಮೆಣಸಿನಕಾಯಿ ಹುರಿದರೆ ಅಪ್ಪನೂ ಕೆಮ್ಮುತ್ತಿದ್ದರು, ಈ ತಿಂಗಳ ಹೊಗೆಗೆ ಅವರ ಕಣ್ಣೂ ಉರಿಯುತ್ತದೆ, ಹಾಗಾಗಿ ಮೂಗು ಸರಿಯಿದೆ ಎಂದೇ ನಮ್ಮ ಲೆಕ್ಕ. ಘಾಟನ್ನು, ಉರಿಯನ್ನು ಹಿಡಿಯುವುದು ಮುಖದ ಬೇರೊಂದು ನರ, ವಾಸನೆಯ ನರವೇ ಬೇರೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ಈ ಕಾಯಿಲೆಯವರಲ್ಲಿ ಬಹುಪಾಲು ಜನಕ್ಕೆ ವಾಸನೆ ಕುಂದಿರುತ್ತದೆ. ಕೇಳುವವರೇ ಇಲ್ಲ. 2015ರಲ್ಲಿ ಬಂದ ಅಂತರರಾಷ್ಟ್ರೀಯ ರೋಗನಿರ್ಣಯ ಮಾನದಂಡದಲ್ಲಿ ವಾಸನೆ ಹೋಗಿರುವುದೂ ಪಾರ್ಕಿನ್ಸನ್ನಿಗೆ ಪೂರಕವಾದ ಸಾಕ್ಷ್ಯವೆಂದು ಸೇರಿದೆ. ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಯಂತ್ರವೊಂದನ್ನು ಹಾಕಿಸಿದ್ದೇನೆ, ಯಾಕೆಂದರೆ ಅಪ್ಪ ಒಬ್ಬರೇ ಇದ್ದಾಗ ಸೋರಿದರೆ ಅವರಿಗೆ ತಿಳಿಯುವುದಿಲ್ಲ.

ನಿದ್ದೆಯದು ಇನ್ನೂ ಹಳೆಯದು. ಆರ್.ಕೆ. ಪುರಂ ಕ್ವಾರ್ಟರ್ಸಿನಲ್ಲಿದ್ದ ಕೊನೆಯ ದಿನಗಳಲ್ಲೇ ಅಪ್ಪ ರಾತ್ರಿ ಕೂಗುತ್ತಿದ್ದರಂತೆ. ಹಗಲಲ್ಲಿ ಯಾರಿಗೂ ಗದರದ ಮನುಷ್ಯ ನಿದ್ದೆಯಲ್ಲಿ ತೋಟಕ್ಕೆ ಬಂದ ಮಂಗಗಳನ್ನು ಅಟ್ಟುತ್ತಿದ್ದರು, ಕಾಲಿನಿಂದ ಒದೆಯುತ್ತಿದ್ದರು. ಒಂದು ಬೆಳಗ್ಗೆ ಅಮ್ಮನ ತೋಳು ಕಪ್ಪುಗಟ್ಟಿತ್ತು. ಮಂಚದ ಕೋನ ತಗುಲಿತು ಅಂತ ಅವಳು ನಮಗೆ ಹೇಳಿದಳು. ನಡುವೆ ದಿಂಬು ಇಟ್ಟು ಮಲಗಿದಳು, ಆಮೇಲೆ ಪಕ್ಕದ ಮಂಚಕ್ಕೆ ಹೋದಳು. ಯಾರಿಗೂ ಹೇಳಲಿಲ್ಲ, ಗಂಡನ ಮರ್ಯಾದೆ ನೋಡು. ಕನಸಿನ ನಿದ್ದೆಯಲ್ಲಿ ಮೈಯ ಸ್ನಾಯುಗಳನ್ನು ಮಿದುಳಿನ ಕಾಂಡ ಸಡಿಲ ಬಿಟ್ಟಿರುತ್ತದೆ, ಅದಕ್ಕೇ ನಾವು ಕನಸಿನಲ್ಲಿ ಓಡಿದರೂ ಕಾಲು ಓಡುವುದಿಲ್ಲ. ಆ ಬೀಗ ಕೆಟ್ಟರೆ ಕನಸು ಕೈಕಾಲಿಗೆ ಇಳಿಯುತ್ತದೆ. ಕಾರ್ಲೋಸ್ ಶೆಂಕ್, ಮಾರ್ಕ್ ಮಹೋವಾಲ್ಡ್ ಎಂಬ ಅಮೆರಿಕದ ವೈದ್ಯರು 1986ರಲ್ಲಿ ಇದನ್ನು ಒಂದು ಕಾಯಿಲೆಯಾಗಿ ಗುರುತಿಸಿದರು. ಬೇರೆ ಯಾವ ಕಾರಣವೂ ಇಲ್ಲದೆ ಈ ತೊಂದರೆ ಬಂದ ಸಾವಿರಕ್ಕೂ ಹೆಚ್ಚು ಜನರನ್ನು ಹಲವು ದೇಶಗಳಲ್ಲಿ ಹಿಂಬಾಲಿಸಿ ನೋಡಿದ ವರದಿ 2019ರಲ್ಲಿ ಬಂತು. 12 ವರ್ಷಗಳ ಹೊತ್ತಿಗೆ ಅವರಲ್ಲಿ ಮುಕ್ಕಾಲು ಪಾಲಿನಷ್ಟು ಜನಕ್ಕೆ ಪಾರ್ಕಿನ್ಸನ್ ಅಥವಾ ಅದರ ದಾಯಾದಿ ಕಾಯಿಲೆ ಕಾಣಿಸಿಕೊಂಡಿತ್ತು. ಅಮ್ಮ ದಿಂಬಿಟ್ಟುಕೊಂಡು ಮಲಗಿದ್ದ ಆ ರಾತ್ರಿಗಳಲ್ಲಿ ಅಪ್ಪನ ಕೈ ನೆಟ್ಟಗಿತ್ತು. ಕಾಯಿಲೆಯ ಮೊದಲ ಸಾಕ್ಷಿ ಅವಳೇ.

ಮಲಬದ್ಧತೆ, ಇಸಬ್ಗೋಲು, ತ್ರಿಫಲಾ ಇವುಗಳ ಪುರಾಣ ನಿನಗೆ ಗೊತ್ತೇ ಇದೆ. ಅದೂ ಇದರದೇ ಭಾಗ. ಎದ್ದಾಗ ತಲೆ ಸುತ್ತುವುದೂ ಅಷ್ಟೇ. ಡಾಕ್ಟರು ಅಪ್ಪನ ಬಿಪಿಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿದರು. 140 ಇದ್ದದ್ದು 112ಕ್ಕೆ ಬಂತು. ರಕ್ತನಾಳಗಳನ್ನು ಹೊತ್ತಿಗೆ ಸರಿಯಾಗಿ ಬಿಗಿಗೊಳಿಸುವ ನರಗಳು ಸೋತಿವೆ. ಅಂದರೆ ತಲೆಸುತ್ತಿಗೆ ಕಾರಣವೇ ಈ ಕಾಯಿಲೆ ಇರಬೇಕು, ಆ ತಲೆಸುತ್ತಿಗೆಂದು ಕೊಟ್ಟ ಮಾತ್ರೆ ಇದೇ ಕಾಯಿಲೆಯನ್ನು ಇನ್ನಷ್ಟು ಕೆಣಕಿರಬೇಕು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಬರೆದ ಪುಟ್ಟ ಪ್ರಬಂಧದಲ್ಲಿ ಇದ್ದದ್ದು ಆರೇ ಜನ ರೋಗಿಗಳು, ಅವರಲ್ಲೂ ಕೆಲವರನ್ನು ಅವರು ಬೀದಿಯಲ್ಲಿ ಕಂಡದ್ದಷ್ಟೇ. ಇಂದ್ರಿಯಗಳಿಗೂ ಬುದ್ಧಿಗೂ ಪೆಟ್ಟಿಲ್ಲ ಎಂದು ಅವರು ಬರೆದರು. ಅದೇ ಪ್ರಬಂಧದಲ್ಲಿ ಕೆಟ್ಟ ನಿದ್ದೆ, ಕಟ್ಟಿದ ಹೊಟ್ಟೆಯ ಮಾತೂ ಇದೆ. ಆದರೂ ಮುಂದೆ ಬಹುಕಾಲ ವೈದ್ಯಲೋಕ ನಡುಕವನ್ನೇ ನೋಡುತ್ತ ಕೂತಿತು. 2003ರಲ್ಲಿ ಜರ್ಮನಿಯ ಹೈಕೋ ಬ್ರಾಕ್ ಮತ್ತು ಸಂಗಡಿಗರು ತೀರಿಕೊಂಡವರ ಮಿದುಳುಗಳನ್ನು ಪದರಪದರವಾಗಿ ನೋಡಿ, ಕೆಟ್ಟ ಪ್ರೋಟೀನಿನ ಉಂಡೆಗಳು ಮೊದಲು ಕಾಣಿಸುವುದು ವಾಸನೆಯ ಗಡ್ಡೆಯಲ್ಲಿ, ಹೊಟ್ಟೆಯ ಕಡೆಗೆ ಇಳಿಯುವ ವೇಗಸ್ ನರದ ಬುಡದಲ್ಲಿ, ಕಪ್ಪು ಪಟ್ಟಿಗೆ ಅವು ತಲುಪುವುದು ಆಮೇಲೆ ಎಂದು ತೋರಿಸಿದರು. ಎಲ್ಲರಲ್ಲೂ ಈ ಕ್ರಮವೇ ಇರುವುದಿಲ್ಲ. ಡೆನ್ಮಾರ್ಕಿನ ಪೆರ್ ಬೋರ್ಗ್‌ಹ್ಯಾಮರ್ ತಂಡ ಮಿದುಳು, ಹೃದಯ, ಕರುಳು ಎಲ್ಲವನ್ನೂ ಸ್ಕ್ಯಾನ್ ಮಾಡಿ, ಕೆಲವರಲ್ಲಿ ಕಾಯಿಲೆ ಮೈಯಿಂದ ಮಿದುಳಿಗೆ ಏರುತ್ತದೆ, ಕೆಲವರಲ್ಲಿ ಮಿದುಳಿನಿಂದ ಕೆಳಗಿಳಿಯುತ್ತದೆ ಎನ್ನುತ್ತಿದೆ. ಕನಸಿನಲ್ಲಿ ಒದೆಯುವವರು ಮೊದಲ ಗುಂಪಿನವರು. ಅವರಲ್ಲಿ ಹೃದಯದ ನರಗಳೇ ಮುಂಚೆ ಸೋತಿರುವುದು ಚಿತ್ರದಲ್ಲಿ ಕಾಣುತ್ತದಂತೆ. ಅಪ್ಪನ ಕಥೆ ನನಗೆ ಆ ಕಡೆಯದೇ ಅನ್ನಿಸುತ್ತದೆ.

ಈಗ ನಿನ್ನ ಮಾತಿಗೆ ಬರುತ್ತೇನೆ.

ಅಪ್ಪ ಮೊದಲಿನಿಂದಲೂ ಕಡಿಮೆ ಮಾತಿನವರು, ಒಪ್ಪುತ್ತೇನೆ. ಆದರೆ ಮೊದಲಿನ ಮೌನಕ್ಕೂ ಈಗಿನದಕ್ಕೂ ಎಷ್ಟು ಅಂತರ! ಲೋಧಿ ಎಸ್ಟೇಟಿನ ಕನ್ನಡ ಶಾಲೆಯಿಂದ ನೀನು ಮಾರ್ಕ್ಸ್ ಕಾರ್ಡ್ ತಂದ ದಿನ ಅವರು ಏನೂ ಹೇಳುತ್ತಿರಲಿಲ್ಲ, ಸಂಜೆ ಬೆಂಗಾಲಿ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗುತ್ತಿದ್ದರು. ಕರ್ನಾಟಕ ಸಂಘದಲ್ಲಿ ಯಕ್ಷಗಾನವಿದ್ದರೆ ಚೌಕಿಗೇ ಹೋಗಿ ಕೂರುತ್ತಿದ್ದರು. ಈಗ ಬೆಂಗಳೂರಿನಿಂದ ತರಿಸಿದ ವಾರಪತ್ರಿಕೆ ಕವರ್ ಒಡೆಯದೆ ಬಿದ್ದಿರುತ್ತದೆ. ಬೇಜಾರಾ ಅಪ್ಪ ಅಂದರೆ ಇಲ್ಲ ಅನ್ನುತ್ತಾರೆ, ನಿಜವಾಗಿಯೂ ಇಲ್ಲ. ಅಳುವಿಲ್ಲ, ಕೊರಗಿಲ್ಲ. ಮಾಡಬೇಕು ಅನ್ನುವುದೇ ಒಳಗಿನಿಂದ ಹುಟ್ಟುತ್ತಿಲ್ಲ. ತೋಟದ ಬಾವಿಯಲ್ಲಿ ನೀರಿದೆ, ಕರೆಂಟೂ ಇದೆ, ಪಂಪಿನ ಸ್ಟಾರ್ಟರ್ ಹಿಡಿಯುತ್ತಿಲ್ಲ, ಹಾಗೆ. ವೈದ್ಯರು ಇದನ್ನು ಖಿನ್ನತೆಯಿಂದ ಬೇರೆ ಮಾಡಿ ನೋಡುತ್ತಾರೆ. ಎರಡೂ ಒಟ್ಟಿಗೆ ಇರುವುದುಂಟು, ಬೇರೆಬೇರೆ ಇರುವುದೂ ಉಂಟು.

ಇದು ಮನಸ್ಸಿನ ಹಟವಲ್ಲ ಎನ್ನುವುದಕ್ಕೆ ಸಾಕ್ಷಿ ಸಿಕ್ಕಿದ್ದು ಪೆಟ್ ಸ್ಕ್ಯಾನ್‌ಗಳಿಂದ. ಕೆನಡಾದಲ್ಲಿ 1983ರಲ್ಲಿ ಜೀವಂತ ಮನುಷ್ಯನ ಮಿದುಳಿನ ಡೋಪಮೈನ್ ಜಾಗವನ್ನು ಮೊದಲ ಸಲ ಚಿತ್ರದಲ್ಲಿ ಕಂಡರು. ಅಲ್ಲಿಂದ ಸಂಶೋಧಕರು ಕೈಕಾಲು ನಡೆಸುವ ಭಾಗವನ್ನು ದಾಟಿ, ಇಷ್ಟಕಷ್ಟಗಳನ್ನು ನಡೆಸುವ ಭಾಗಗಳ ಕಡೆಗೂ ಕ್ಯಾಮೆರಾ ತಿರುಗಿಸಿದರು. 2005ರಲ್ಲಿ ಫ್ರಾನ್ಸಿನ ಫಿಲಿಪ್ ರೆಮಿ ಮತ್ತು ಸಂಗಡಿಗರು, ಖಿನ್ನತೆ ಇರುವ ಪಾರ್ಕಿನ್ಸನ್ ರೋಗಿಗಳಲ್ಲಿ ಭಾವನೆಗಳಿಗೆ ಸಂಬಂಧಿಸಿದ ಜಾಗಗಳಲ್ಲೇ ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ನರತುದಿಗಳು ಕಡಿಮೆಯಾಗಿರುವುದನ್ನು ತೋರಿಸಿದರು. 2016ರಲ್ಲಿ ಫ್ರಾನ್ಸಿನದೇ ಇನ್ನೊಂದು ತಂಡ ಇನ್ನೂ ಔಷಧ ಶುರುಮಾಡದ ಹೊಸ ರೋಗಿಗಳನ್ನು ನೋಡಿತು. ಆಸಕ್ತಿ ಕಳೆದುಕೊಂಡವರಲ್ಲಿ ಸೆರೊಟೋನಿನ್ ನರಗಳಿಗೂ ಪೆಟ್ಟು ಬಿದ್ದಿರುವುದು ಕಂಡಿತು. ಅಪ್ಪನಿಗೆ ಇಂಥ ಪೆಟ್ ಆಗಿಲ್ಲ. ಅದು ಸಂಶೋಧನೆಯ ಸ್ಕ್ಯಾನು, ಚಿಕಿತ್ಸೆಗೆ ಯಾರೂ ಬರೆಯುವುದಿಲ್ಲ. ಹಾಗಾಗಿ ಅಪ್ಪನ ಮೌನದ ಚಿತ್ರ ಅಂತ ನಿನಗೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಅವರಂಥವರ ಮೌನಕ್ಕೆ ಮಿದುಳಿನಲ್ಲಿ ಜಾಗವಿದೆ ಎಂಬುದು ಮಾತ್ರ ಸ್ಪಷ್ಟ.

ಇದರ ಮೇಲೆ ಮುಖ ಬೇರೆ. ನಗುವ ಸ್ನಾಯುಗಳೂ ಕೈಯ ಹಾಗೆಯೇ ಬಿಗಿದಿವೆ, ಕಣ್ಣು ಪಿಳುಕಿಸುವುದು ಕಡಿಮೆಯಾಗಿದೆ, ದನಿ ಇಳಿದಿದೆ. ಎದುರಿಗೆ ಕೂತವರಿಗೆ ಅದು ಸಿಡುಕಿನ ಮುಖದಂತೆ ಕಾಣುತ್ತದೆ. ಒಳಗೆ ಖುಷಿಯಾಗಿದ್ದರೂ ಮುಖಕ್ಕೆ ಸುದ್ದಿ ಮುಟ್ಟುವುದಿಲ್ಲ. ನಿನ್ನ ಮನೆಯಲ್ಲಿ ಅವತ್ತು ಇನ್ನೂರು ಜನರ ಗದ್ದಲ, ಹೋಮದ ಹೊಗೆ, ಬೆಳಗಿನ ಜಾವದಿಂದ ಉಪವಾಸ. ಆ ಗಲಾಟೆಯಲ್ಲಿ ಅಪ್ಪನ ಬೆಳಗಿನ ಮಾತ್ರೆ ಸಮಯಕ್ಕೆ ಸಿಗಲಿಲ್ಲ ಅಂತ ಅಮ್ಮ ಹೇಳುತ್ತಾಳೆ. ಮಾತ್ರೆ ಇಲ್ಲದ ಹೊತ್ತಿನಲ್ಲಿ ಅವರು ಕುರ್ಚಿಯಿಂದ ಏಳುವುದೇ ಕಷ್ಟ. ನೀನು ನೋಡಿದ್ದು ಅದನ್ನು.

ನಿನ್ನ ಗೃಹಪ್ರವೇಶ ಮುಗಿಸಿ ದೆಹಲಿಗೆ ಬಂದು ಮೂರು ನಾಲ್ಕು ವಾರವಾಗಿರಬೇಕು. ಊಟ ಮಾಡುತ್ತಿದ್ದೆವು. ಅಪ್ಪ ತಟ್ಟೆ ನೋಡುತ್ತಲೇ, ಯಾರೂ ಕೇಳದೆ, 'ಪುಟ್ಟನ ಅಡುಗೆಮನೆ ಕಿಟಕಿ ಪೂರ್ವಕ್ಕೆ ಇಟ್ಟಿದ್ದಾನೆ. ಊರ ಮನೆಯ ಹಾಗೆ' ಅಂದರು. ಅಷ್ಟೇ. ಮುಖ ಹಾಗೇ ಇತ್ತು. ತೋಟ ಮಾರಿದ ಸಿಟ್ಟಿದ್ದವರು ಕಿಟಕಿ ಯಾವ ದಿಕ್ಕಿಗಿದೆ ಅಂತ ನೆನಪಿಟ್ಟುಕೊಳ್ಳುತ್ತಾರಾ, ನೀನೇ ಹೇಳು. ತೋಟದ ವಿಷಯ ನಾನೇ ಒಮ್ಮೆ ಕೇಳಿದೆ. 'ನೋಡಿಕೊಳ್ಳುವವರಿಲ್ಲದ ಮೇಲೆ ಇಟ್ಟುಕೊಂಡು ಏನು ಮಾಡುವುದು' ಅಂದರು.

ಸ್ಟಾರ್ಟರ್ ಹಿಡಿಯದಿದ್ದರೆ ಹೊರಗಿನವರು ಕೈ ಹಾಕಬೇಕು. ಹೋದ ಸಲ ಸಂಘದಲ್ಲಿ ತಾಳಮದ್ದಳೆ ಇತ್ತು. ಬರುತ್ತೀರಾ ಅಂದರೆ ಬೇಡ ಅಂದರು. ಯಾವುದಕ್ಕೂ ಬೇಡವೇ ಮೊದಲ ಉತ್ತರ ಅಂತ ನನಗೀಗ ಗೊತ್ತು. ಮಾತ್ರೆ ಕೊಟ್ಟು, ಪಂಚೆ ಉಡಿಸಿ, ಕಾರು ಹತ್ತಿಸಿದೆ. ಮುಗಿಯುವ ತನಕ ಕೂತರು, ಮದ್ದಳೆಯವರ ಕೈ ನೋಡುತ್ತಿದ್ದರು. ಬರುವಾಗ, ಭೀಷ್ಮನ ಅರ್ಥ ಹೇಳಿದವರು ಎಲ್ಲಿಯವರು ಅಂತ ಕೇಳಿದರು.

ನಿನ್ನಿಂದ ಇಷ್ಟು ಬೇಕು. ಫೋನನ್ನು ಬೆಳಗ್ಗೆ ಹತ್ತೂಮುಕ್ಕಾಲಿಗೆ ಮಾಡು. ಹತ್ತರ ಸಿಂಡೋಪಾ ಮಾತ್ರೆ ಅಷ್ಟು ಹೊತ್ತಿಗೆ ಕೆಲಸ ಶುರುಮಾಡಿರುತ್ತದೆ. 'ಹೇಗಿದ್ದೀರಿ' ಅಂದರೆ 'ಇದ್ದೇನೆ' ಎಂದು ಮುಗಿಯುತ್ತದೆ, ಏನಾದರೂ ಒಂದನ್ನೇ ಕೇಳು: ಅಡಕೆ ಮರಕ್ಕೆ ಬೋರ್ಡೋ ದ್ರಾವಣ ಯಾವ ಮಳೆಗೆ ಹೊಡೆಯುತ್ತಿದ್ದಿರಿ, ಅಂಥದ್ದು. ಕೇಳಿ, ಕಾಯು. ಉತ್ತರ ಬರಲು ಹೊತ್ತು ಹಿಡಿಯುತ್ತದೆ, ಲೈನ್ ಕಟ್ಟಾಯಿತು ಅಂತ ಇಟ್ಟುಬಿಡಬೇಡ. ಸಂಕ್ರಾಂತಿಗೆ ಬಾ. ಆದರೆ ಮಗನಿಗೆ ಮೊದಲೇ ಹೇಳಿ ಕರೆದುಕೊಂಡು ಬಾ, ಅಜ್ಜನ ಮುಖ ನಗದಿದ್ದರೂ ಅಜ್ಜನಿಗೆ ಖುಷಿಯಾಗಿರುತ್ತದೆ ಅಂತ. ಮಕ್ಕಳಿಗೆ ಇದು ದೊಡ್ಡವರಿಗಿಂತ ಬೇಗ ಅರ್ಥವಾಗುತ್ತದೆ.

ಅವನಿಗೆ ಇನ್ನೂ ತಿಳಿಯುವ ಆಸೆಯಿದ್ದರೆ ನಿಮ್ಮ ಊರಿನಲ್ಲೇ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯವಿದೆ, ಕರೆದುಕೊಂಡು ಹೋಗು. ಮಿಡ್‌ಬ್ರೈನಿನ ಕಪ್ಪು ಪಟ್ಟಿ ಎಲ್ಲಿ ಅಂತ ಕೇಳಿ ನೋಡಿ. ಆಗ ಅಲ್ಲಿದ್ದ ಉದಯ್ ಮುಥಾನೆ, ಟಿ.ಸಿ. ಯಶಾ, ಎಸ್.ಕೆ. ಶಂಕರ್ ಅವರು ಭಾರತೀಯರ ಆರೋಗ್ಯವಂತ ಮಿದುಳುಗಳಲ್ಲಿ ಆ ಕಪ್ಪು ಕೋಶಗಳನ್ನು ಎಣಿಸಿ 1998ರಲ್ಲಿ ಪ್ರಕಟಿಸಿದರು. ಬ್ರಿಟನ್ನಿನವರಿಗಿಂತ ನಮ್ಮವರಲ್ಲಿ ಅವು ಕಡಿಮೆ, ಆದರೆ ವಯಸ್ಸಾದಂತೆ ಇಳಿಯುತ್ತ ಹೋಗುವುದು ಕಾಣಲಿಲ್ಲ ಎಂದು. ಕಡಿಮೆ ಇದ್ದ ಮಾತ್ರಕ್ಕೆ ನಮಗೆ ಕಾಯಿಲೆ ಹೆಚ್ಚು ಬರುತ್ತದೆ ಅಂತೇನಿಲ್ಲ. ನಡುಕವಿಲ್ಲದ ನೀನು ನಿನ್ನ ಬೆರಳು ನೋಡಿಕೊಂಡು ಹೆದರುವುದು ಬೇಡ ಅಂತ ಹೇಳಿದೆ. ಹೆಚ್ಚಿನವರಿಗೆ ಇದು ಅಪ್ಪನಿಂದ ಮಗನಿಗೆ ಬರುವ ಕಾಯಿಲೆಯಲ್ಲ.

ಅಪ್ಪ ಇತ್ತೀಚೆಗೆ ಹಿಂದೆ ಯಾರೋ ನಿಂತ ಹಾಗಾಗುತ್ತದೆ ಅನ್ನುತ್ತಾರೆ. ಅಜ್ಜಿ ಇರಬಹುದು ಅಂತ ಅಮ್ಮ ದೀಪ ಹಚ್ಚಿಟ್ಟಳು. ಹಚ್ಚಲಿ, ಅದರಿಂದ ಅವಳಿಗೆ ಧೈರ್ಯ. ಡಾಕ್ಟರಿಗೂ ಹೇಳಿದ್ದೇನೆ, ಈ ಕಾಯಿಲೆಯಲ್ಲಿ ಇದು ಆಗುವಂಥದ್ದೇ, ಮಾತ್ರೆಯ ಪ್ರಮಾಣವನ್ನೂ ಒಮ್ಮೆ ನೋಡೋಣ ಅಂದಿದ್ದಾರೆ. ನೀನು ಬಂದಾಗ ಅಪ್ಪ ಆ ಮಾತು ಎತ್ತಿದರೆ ನಗಬೇಡ, ವಾದಿಸಲೂ ಬೇಡ.

ನಿನ್ನ ಅಕ್ಕ

ತಾ.ಕ.: ನಿಮ್ಮ ಅತ್ತೆಯವರು ಕಳಿಸಿದ ನಸುಗುನ್ನಿ ಪುಡಿಯನ್ನು ಎತ್ತಿಟ್ಟಿದ್ದೇನೆ, ಅಪ್ಪನಿಗೆ ಕೊಟ್ಟಿಲ್ಲ. ಅವರಿಗೆ ಬೇಸರವಾಗದಂತೆ ನೀನೇ ಹೇಳು. ಅದು ಕೆಲಸ ಮಾಡುವುದಿಲ್ಲ ಅಂತಲ್ಲ. ಅದರ ಬೀಜದಲ್ಲಿ ಎಲ್-ಡೋಪಾ ಇರುವುದನ್ನು 1937ರಲ್ಲೇ ನಮ್ಮವರಾದ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿ ತೋರಿಸಿದ್ದಾರೆ. ಸಿಂಡೋಪಾದಲ್ಲಿರುವುದೂ ಅದೇ, ಎರಡೂ ಸೇರಿದರೆ ಎಷ್ಟು ಹೋಯಿತು ಅಂತ ಲೆಕ್ಕ ಸಿಗುವುದಿಲ್ಲ. ಇನ್ನೊಂದು, ಅಪ್ಪ ನಿಮ್ಮಲ್ಲಿಗೆ ಬಂದಾಗ ವಾಂತಿಯಾಯಿತು ಅಂತ ಯಾರಾದರೂ ಪೆರಿನಾರ್ಮ್ ಇಂಜೆಕ್ಷನ್ ಕೊಡಲು ಬಂದರೆ ಬೇಡ ಅನ್ನು, ಅದೂ ಡೋಪಮೈನಿಗೆ ಅಡ್ಡ ನಿಲ್ಲುವ ಮದ್ದು. ಪಾರ್ಕಿನ್ಸನ್ ಇದೆ ಅಂತ ಮೊದಲು ಹೇಳು, ಬೇರೆ ಮದ್ದು ಕೊಡುತ್ತಾರೆ. ಈ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ನಿಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡು.